ಗುಳ್ಳೆ ಉಂಗುರ

ಗುಳ್ಳೆ ಉಂಗುರವೆಂದರೆ ನೀರಿನೊಳಗೆ ಬಳೆಯ ಆಕಾರದಲ್ಲಿ ಮೇಲೇರುವ ಗಾಳಿ. ಸ್ಕೂಬಾ ಡೈವಿಂಗ್ ಮಾಡುವವರು ತಳದಲ್ಲಿ ಅಂಗಾತ ಮಲಗಿ, ಬಾಯಲ್ಲಿ ತುಂಬಿಕೊಂಡ ಗಾಳಿಯನ್ನು ಒಮ್ಮೆಗೇ ಹೊರದೂಡಿ ಇದನ್ನು ಮಾಡುತ್ತಾರೆ. ನೋಡುವವರ ಕಣ್ಣಿಗೆ ಬೀಳುವುದು ಗಾಳಿ. ಉಂಗುರವನ್ನು ಹಿಡಿದಿಟ್ಟಿರುವುದು ಮಾತ್ರ ಅದರ ಸುತ್ತ ತಿರುಗುವ ನೀರು. ಬೀಡಿ ಸೇದುವವರು ಬಿಡುವ ಹೊಗೆಯ ಸುರುಳಿಯೂ ಇದೇ ಜಾತಿಯದು. ಆದರೆ ಹೊಗೆಗೆ ಇಲ್ಲಿನ ಗಾಳಿಯಷ್ಟು ತೇಲುವ ಬಲವಿಲ್ಲ. ಎಲ್ಲ ವ್ಯತ್ಯಾಸವೂ ಅಲ್ಲಿಂದಲೇ ಶುರುವಾಗುತ್ತದೆ.

ರೂಪುಗೊಳ್ಳುವ ಬಗೆ

ದೊಡ್ಡ ಗುಳ್ಳೆಯೊಂದು ಮೇಲಕ್ಕೆ ಹೊರಟಾಗ ಅದರ ತಳದಲ್ಲಿ ನೀರಿನ ಒತ್ತಡ ನೆತ್ತಿಗಿಂತ ಹೆಚ್ಚಿರುತ್ತದೆ. ತಳದ ನೀರು ಮೇಲಕ್ಕೆ ಚಿಮ್ಮಿ ನೆತ್ತಿಯನ್ನು ತೂರಿದರೆ ಗುಳ್ಳೆಯ ನಡುವೆ ತೂತು ಬೀಳುತ್ತದೆ. ವಾಲ್ಟರ್ಸ್ ಮತ್ತು ಡೇವಿಡ್‌ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಗುಳ್ಳೆಗಳನ್ನು ಕುರಿತದ್ದು. ತೂತು ಬಿದ್ದ ಮೇಲೆ ನೀರು ಅದರೊಳಗೆ ಮೇಲಕ್ಕೆ, ಹೊರ ಅಂಚಿನಲ್ಲಿ ಕೆಳಕ್ಕೆ ಸುತ್ತತೊಡಗುತ್ತದೆ. ಹೊಳೆಯ ಸುಳಿಯ ಎರಡೂ ತುದಿಗಳನ್ನು ಬಗ್ಗಿಸಿ ಕೂಡಿಸಿದರೆ ಆಗುವ ಆಕೃತಿ ಇದು. ಸುಳಿಯ ನಡುವೆ ಒತ್ತಡ ಕಡಿಮೆ ಇರುವುದರಿಂದ ಹಗುರವಾದ ಗಾಳಿ ಅಲ್ಲಿಯೇ ಸೇರಿಕೊಂಡು ಚದುರದೆ ಉಳಿಯುತ್ತದೆ. ಸುಳಿಗಳ ಗಣಿತವನ್ನು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1858ರಲ್ಲೇ ಬರೆದಿಟ್ಟಿದ್ದರು.

ಮೇಲೇರುತ್ತ ಉಂಗುರ ಅಗಲವಾಗುತ್ತದೆ. ಒತ್ತಡ ಇಳಿದು ಗಾಳಿ ಹಿಗ್ಗುವುದೇ ಇದಕ್ಕೆ ಕಾರಣವೆಂಬ ಮಾತು ಬಳಕೆಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಸಮುದ್ರದ 10 ಮೀಟರ್ ಆಳದಿಂದ 5 ಮೀಟರಿಗೆ ಬರುವಷ್ಟರಲ್ಲಿ ಗಾಳಿಯ ಗಾತ್ರ ಹೆಚ್ಚುವುದು ಮೂರನೇ ಒಂದರಷ್ಟು ಮಾತ್ರ. ಮುಖ್ಯ ಕಾರಣ ತೇಲುವ ಬಲ. ನೀರಿನ ಸುತ್ತುವಿಕೆ ಹೆಚ್ಚುಕಡಿಮೆ ಅಷ್ಟೇ ಉಳಿಯುವುದರಿಂದ ಆ ಬಲ ವೇಗವನ್ನು ಹೆಚ್ಚಿಸುವುದಿಲ್ಲ, ಉಂಗುರವನ್ನು ಹಿಗ್ಗಿಸುತ್ತದೆ. ಹಿಗ್ಗಿದಷ್ಟೂ ಉಂಗುರ ತೆಳುವಾಗುತ್ತದೆ, ನಿಧಾನವಾಗುತ್ತದೆ, ಕೊನೆಗೆ ತುಂಡುತುಂಡಾಗಿ ಸಣ್ಣ ಗುಳ್ಳೆಗಳಾಗುತ್ತದೆ.

ಡಾಲ್ಫಿನ್‌ಗಳೂ ಇಂಥ ಉಂಗುರ ಬಿಟ್ಟು ಅದರೊಡನೆ ಆಡುತ್ತವೆ. ಹವಾಯಿಯಲ್ಲಿ ಸಾಕಿದ್ದ ಡಾಲ್ಫಿನ್‌ಗಳ ಈ ಆಟ 1996ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ವರದಿಯಾಯಿತು.

ಊದುವ ವಿಧಾನ

ನೀರು ಅಲುಗಬಾರದು, ಮುಖ ನೇರ ಮೇಲಕ್ಕಿರಬೇಕು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ತೆಗೆದು, ಕೆನ್ನೆಯಲ್ಲಿ ಗಾಳಿ ತುಂಬಿ, ತುಟಿಗಳನ್ನು ದುಂಡಗೆ ಮಾಡಿ ತಟ್ಟನೆ ಬಿಟ್ಟು ತಟ್ಟನೆ ಮುಚ್ಚಬೇಕು. ಹೊಸಬರು ಜೋರಾಗಿ ಊದಿ ಬರೀ ಗುಳ್ಳೆಗಳ ರಾಶಿ ಎಬ್ಬಿಸುತ್ತಾರೆ. ಬೇಕಾದದ್ದು ಜೋರಲ್ಲ, ಚುರುಕು.

ಸ್ಕೂಬಾದ ಮೊದಲ ನಿಯಮ ಉಸಿರು ಕಟ್ಟಬಾರದೆಂಬುದು. ಆಳದಲ್ಲಿ ಎಳೆದ ಗಾಳಿಯನ್ನು ಹಿಡಿದುಕೊಂಡು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಆದ್ದರಿಂದ ರೆಗ್ಯುಲೇಟರ್ ಹೊರಗಿರುವಷ್ಟು ಹೊತ್ತೂ ಸಣ್ಣ ಗುಳ್ಳೆಗಳನ್ನು ಬಿಡುತ್ತಿರಬೇಕೆಂದು ಕಲಿಸುತ್ತಾರೆ. ಉಂಗುರ ಊದುವವರು ಅದೇ ಆಳದಲ್ಲಿ ಅಲುಗದೆ ಇರಬೇಕಾದ್ದು ಗಾಳಿ ಹಾಗೆ ಹಿಗ್ಗದಿರಲೆಂದು. ಮತ್ತೆ ಬಾಯಿಗಿಟ್ಟಾಗ ಮೊದಲು ಊದಿ ಅಥವಾ ಗುಂಡಿ ಒತ್ತಿ ಒಳಗಿನ ನೀರು ಕಳೆಯಬೇಕು. ಮಲಗುವ ಜಾಗ ಮರಳಾಗಿರಬೇಕು, ಹವಳವಲ್ಲ.

ಕರ್ನಾಟಕದಲ್ಲಿ

ರಾಜ್ಯದ ಹೆಸರಾದ ಸ್ಕೂಬಾ ತಾಣ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಮಳೆಗಾಲದಲ್ಲಿ ಕಡಲು ಮುನಿದಾಗ ಡೈವಿಂಗ್ ನಿಲ್ಲುತ್ತದೆ. ತರಬೇತುದಾರರ ಕೈ ಹಿಡಿದು ಮೊದಲ ಬಾರಿ ಇಳಿದವರು ಅಲ್ಲಿ ಉಂಗುರ ಊದಲು ಹೊರಡುವುದು ಬೇಡ. ರೆಗ್ಯುಲೇಟರ್ ತೆಗೆದು ಮತ್ತೆ ಹಾಕಿಕೊಳ್ಳುವ ಪಾಠ ಪೂರ್ಣ ಕೋರ್ಸ್ ಮಾಡಿದವರಿಗೆ ಮಾತ್ರ ಗಟ್ಟಿಯಾಗಿರುತ್ತದೆ.

ಕಡಲಿಂದ ದೂರದ ಯಾದಗಿರಿ ಜಿಲ್ಲೆಯಲ್ಲೂ ಹೊಳೆ, ಜಲಾಶಯಗಳಿವೆ. ಯಾದಗಿರಿ ಪಟ್ಟಣದ ಮಗ್ಗುಲಿಗೆ ಭೀಮೆ, ಶಹಾಪುರ, ಸುರಪುರ ಸೀಮೆಗೆ ಕೃಷ್ಣೆ; ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ. ಆದರೆ ಪ್ರವಾಹದ ಕೃಷ್ಣೆ ಕೆಂಪು ರಾಡಿ, ಸೆಳವು ಬೇರೆ, ಮೊಸಳೆಗಳೂ ಇವೆ. ಇಂಥ ಹೊಳೆಗೆ ಮುಳುಗು ತಜ್ಞರು ಇಳಿಯುವುದು ಕೊಚ್ಚಿಹೋದವರನ್ನು ಹುಡುಕಲು. ಆಟದ ಮಾತೇ ಅಲ್ಲ. ಜಲಾಶಯದ ಪೂರ್ಣ ಮಟ್ಟ ಸಮುದ್ರಕ್ಕಿಂತ ಸುಮಾರು 492 ಮೀಟರ್ ಎತ್ತರದಲ್ಲಿದೆ. 300 ಮೀಟರ್ ದಾಟಿದ ನೀರನ್ನು ತರಬೇತಿ ಸಂಸ್ಥೆಗಳು ಎತ್ತರದ ಡೈವಿಂಗ್ ಎಂದು ಎಣಿಸುವುದರಿಂದ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಕಡಲಿನ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಹಚ್ಚಲಾಗದು.

ಈ ಭಾಗದವರು ಕಲಿಯುವುದಾದರೆ ತಿಳಿನೀರಿನ ಈಜುಕೊಳ ಸಾಕು, ಸಿಲಿಂಡರೂ ಬೇಡ. ಮೇಲೆಯೇ ಉಸಿರೆಳೆದುಕೊಂಡು ಮುಳುಗಿದವರಿಗೆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುವ ಭಯವಿಲ್ಲ. ಅವರಿಗೆ ಇರುವ ಅಪಾಯ ಬೇರೆ: ಮುಳುಗುವ ಮುನ್ನ ಬಿರುಸಾಗಿ ಉಸಿರಾಡಿಕೊಂಡರೆ ನೀರೊಳಗೆ ಸುಳಿವಿಲ್ಲದೆ ಎಚ್ಚರ ತಪ್ಪಬಹುದು. ಈಜು ಬಲ್ಲ ಇನ್ನೊಬ್ಬರು ದಂಡೆಯ ಮೇಲೆ ಕಣ್ಣಿಟ್ಟು ನಿಂತಿರಬೇಕು.