ಬಾಡಿ ಒಬ್ಬರದು, ಲೆನ್ಸ್ ಇನ್ನೊಬ್ಬರದು

ಮದ್ದೂರು–ಮಂಡ್ಯ ನಡುವಿನ ಹನಕೆರೆಯಂಥ ಊರಲ್ಲಿ ಕ್ಯಾಮೆರಾ ಹಿಡಿದವರಿಗೆ ದುಡಿಮೆ ಛತ್ರದೊಳಗೆ: ರಾತ್ರಿ ರಿಸೆಪ್ಷನ್, ಬೆಳಗ್ಗೆ ಧಾರೆ. ಬಿಡುವು ಸಿಕ್ಕರೆ ಕೊಕ್ಕರೆಬೆಳ್ಳೂರು, ರಂಗನತಿಟ್ಟು. ಸಾಲವೋ ಕಂತೋ, ದುಬಾರಿ ಬಾಡಿ ಹೇಗೋ ಮನೆಗೆ ಬರುತ್ತದೆ. ಕೈ ಕಚ್ಚುವುದು ಲೆನ್ಸ್. ಕ್ಯಾಮೆರಾ ಕಂಪನಿಯದೇ 600 ಮಿ.ಮೀ. ಎಫ್/4 ಬೇಕೆಂದರೆ ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಆಗ ನೆನಪಾಗುವುದೇ ಲೆನ್ಸ್ ಮಾಡುವ ಹೊರಗಿನ ಕಂಪನಿಗಳಾದ ಸಿಗ್ಮಾ, ಟ್ಯಾಮ್ರಾನ್.

ಈ ಕಥೆ ಹಳೆಯದು. ಜಪಾನಿನ ತೈಸೆ 1957ರಲ್ಲಿ ಟಿ-ಮೌಂಟ್ ತಂದಿತು. ಲೆನ್ಸ್ ಒಂದೇ, ಅಡಾಪ್ಟರ್ ಬದಲಿಸಿದರೆ ಬೇರೆ ಬೇರೆ ಬಾಡಿಗೆ ಕೂರುತ್ತಿತ್ತು. ಅದೇ ಕಂಪನಿ ಮುಂದೆ ಟ್ಯಾಮ್ರಾನ್ ಆಯಿತು. ಸಿಗ್ಮಾ ಹುಟ್ಟಿದ್ದು 1961ರಲ್ಲಿ. ಫೋಕಸ್ ಕೈಯಲ್ಲೇ ತಿರುಗಿಸುತ್ತಿದ್ದ ಆ ಕಾಲದಲ್ಲಿ ಬಾಡಿಗೂ ಲೆನ್ಸಿಗೂ ಹೆಚ್ಚು ಮಾತುಕತೆ ಇರಲಿಲ್ಲ.

1987ರ ಕ್ಯಾನನ್ ಇಒಎಸ್ ಬಂದ ಮೇಲೆ ಫೋಕಸ್, ಅಪರ್ಚರ್ ಎಲ್ಲವೂ ವಿದ್ಯುತ್ ಸಂಕೇತಕ್ಕೆ ಒಳಪಟ್ಟವು. ಆ ಸಂಕೇತದ ಗುಟ್ಟನ್ನು ಹೊರಗಿನ ಕಂಪನಿಗಳು ತಾವೇ ಬಿಡಿಸಿಕೊಳ್ಳಬೇಕಾಯಿತು. ಫಿಲಂ ಕಾಲದ ಕೆಲವು ಸಿಗ್ಮಾ ಲೆನ್ಸ್‌ಗಳು ಮುಂದೆ ಕ್ಯಾನನ್ ಡಿಜಿಟಲ್ ಬಾಡಿಗಳಲ್ಲಿ ಎರರ್ ತೋರಿಸಿ ನಿಂತುಬಿಟ್ಟವು. 'ಬೇರೆ ಕಂಪನಿ ಲೆನ್ಸ್ ಬೇಡ' ಎಂಬ ಮಾತಿಗೆ ಇಂಥ ಅನುಭವವೂ ಬೆನ್ನಿಗಿತ್ತು.

ಆ ಕೆಟ್ಟ ಹೆಸರು ಬದಲಾದದ್ದು ಕಳೆದ ದಶಕದಲ್ಲಿ. 2012ರಲ್ಲಿ ಸಿಗ್ಮಾ ಆರ್ಟ್ ಸರಣಿ ತಂದಿತು. ಜೊತೆಗೆ, ಲೆನ್ಸಿನ ಫರ್ಮ್‌ವೇರ್ ಅನ್ನು ಮನೆಯಲ್ಲೇ ಅಪ್‌ಡೇಟ್ ಮಾಡಿಕೊಳ್ಳಲು ಯುಎಸ್‌ಬಿ ಡಾಕ್ ಕೊಟ್ಟಿತು. 2013ರ ಕೊನೆಗೆ ಟ್ಯಾಮ್ರಾನ್ 150-600 ಮಿ.ಮೀ. ಲೆನ್ಸನ್ನು 1,069 ಡಾಲರಿಗೆ ಇಳಿಸಿತು. ಮರುವರ್ಷ ಸಿಗ್ಮಾ ಅದೇ ಅಳತೆಯ ಎರಡು ಲೆನ್ಸ್ ಪ್ರಕಟಿಸಿತು. 2015ರಲ್ಲಿ ನಿಕಾನ್ ಕೂಡ ಕೈಗೆಟುಕುವ 200-500 ಹೊರತಂದಿತು. ಹವ್ಯಾಸಿಗಳ ಕೈಗೂ 600 ಮಿ.ಮೀ. ಬಂತು.

ಉಳಿಸಿದ ಹಣಕ್ಕೆ ಕೊಡುವ ಬೆಲೆ ಎಷ್ಟು? ಎಫ್/4ರಲ್ಲಿ ಬರುವ ಬೆಳಕಿನ ಶೇ 40ರಷ್ಟು ಮಾತ್ರ ಈ 150-600 ಲೆನ್ಸ್‌ಗಳ ಎಫ್/6.3ರಲ್ಲಿ ಬರುತ್ತದೆ. ಕೊಕ್ಕರೆಬೆಳ್ಳೂರಿನ ಹುಣಸೆಮರದಿಂದ ಹೆಜ್ಜಾರ್ಲೆ ಮುಂಜಾನೆ ಏಳುವಾಗ ಅದೇ ಶಟರ್ ವೇಗ ಬೇಕಿದ್ದರೆ 800ರಲ್ಲಿದ್ದ ಐಎಸ್‌ಒ 2,000ಕ್ಕೆ ಏರಬೇಕು. ಇಂದಿನ ಫುಲ್ ಫ್ರೇಮ್ ಸೆನ್ಸರ್ ಅದನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ಮೇಲಾಗಿ, ಅಲ್ಲಿ ಹಕ್ಕಿ ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲೇ. ಎಷ್ಟೋ ಚಿತ್ರಕ್ಕೆ 300 ಮಿ.ಮೀ. ಧಾರಾಳ.

ಛತ್ರದ ಲೆಕ್ಕ ಬೇರೆ. ಅಲ್ಲಿ ಎಫ್/2.8 ಬೇಕೇಬೇಕು. ಸೋನಿ 2011ರಲ್ಲೇ ಇ-ಮೌಂಟಿನ ಮೂಲ ವಿವರಗಳನ್ನು ಹೊರಗಿನ ತಯಾರಕರಿಗೆ ಬಿಟ್ಟುಕೊಟ್ಟಿದ್ದರ ಫಲ 2018ರಲ್ಲಿ ಕಂಡಿತು: ಟ್ಯಾಮ್ರಾನ್ 28-75 ಎಫ್/2.8. ತೂಕ 550 ಗ್ರಾಂ, ಆಗಿನ ಬೆಲೆ 799 ಡಾಲರ್. ಸೋನಿಯದೇ ಆಗಿನ 24-70 ಜಿಎಂ 886 ಗ್ರಾಂ, ಬಂದಾಗಿನ ಬೆಲೆ 2,199 ಡಾಲರ್. ಅಗಲದಲ್ಲಿ ನಾಲ್ಕು ಮಿ.ಮೀ. ಕಡಿಮೆ ಅಂದರೆ ಮಂಟಪದಲ್ಲಿ ಒಂದೆರಡು ಹೆಜ್ಜೆ ಹಿಂದೆ ಸರಿಯಬೇಕು, ಅಷ್ಟೆ.

ಹೊಸ ಮಿರರ್‌ಲೆಸ್ ಮೌಂಟ್‌ಗಳಲ್ಲಿ ಬೀಗದ ಕೈ ಕ್ಯಾಮೆರಾ ಕಂಪನಿಗಳ ಬಳಿಯೇ ಇದೆ. ನಿಕಾನ್ ಝಡ್‌ಗೆ ಟ್ಯಾಮ್ರಾನ್ 70-300 ಬಂದದ್ದು 2022ರಲ್ಲಿ, ಲೈಸೆನ್ಸ್ ಪಡೆದು. ಕ್ಯಾನನ್ ಆರ್‌ಎಫ್‌ಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಪ್ರಕಟವಾದದ್ದು 2024ರಲ್ಲಿ. ಆಗಲೂ ಚಿಕ್ಕ ಎಪಿಎಸ್-ಸಿ ಸೆನ್ಸರಿಗಷ್ಟೇ. ಧಾರಾಳಿ ಎನಿಸಿದ ಸೋನಿಯಲ್ಲೂ ಮಿತಿಯಿದೆ. ಎ1 ಬಾಡಿ ಸೆಕೆಂಡಿಗೆ 30 ಚಿತ್ರ ತೆಗೆದರೂ ಬೇರೆ ಕಂಪನಿ ಲೆನ್ಸ್ ಹಾಕಿದರೆ 15ಕ್ಕೆ ಇಳಿಯುತ್ತದೆ. ಸೋನಿ ಟೆಲಿಕನ್ವರ್ಟರ್ ಅಂಥ ಲೆನ್ಸಿಗೆ ಕೂರುವುದಿಲ್ಲ. ಧಾರೆಗೆ 15 ಸಾಕು ಸಾಕು. ಮೀನಿಗೆ ಎರಗುವ ಮಿಂಚುಳ್ಳಿಗೆ 30 ಇದ್ದರೂ ಕಡಿಮೆಯೇ.

ಹೀಗಾಗಿ ಬಾಡಿ ಕೊಂಡು ಆಮೇಲೆ ಅಗ್ಗದ ಲೆನ್ಸ್ ಹುಡುಕುವುದು ತಲೆಕೆಳಗಾದ ಲೆಕ್ಕ. ಕೆಲಸಕ್ಕೆ ಬೇಕಾದ ಎರಡು ಲೆನ್ಸ್ ಮೊದಲು ಗುರುತಿಸಿ, ಅವು ಯಾವ ಮೌಂಟಿಗೆ ಸಿಗುತ್ತವೋ ಆ ಬಾಡಿಗೆ ದುಡ್ಡು ಕಟ್ಟಬೇಕು.