ಚಕ್ರಕ ವಿಚಾರ: ಪತಂಜಲಿಯಿಂದ ವ್ಯಾಸತೀರ್ಥರವರೆಗೆ

ಸಾಧಿಸಬೇಕಾದ ಮಾತನ್ನೇ ಆಧಾರವಾಗಿ ಮುಂದಿಡುವ ವಾದವನ್ನೂ, ತನ್ನ ಪರಿಣಾಮದಿಂದಲೇ ಬಲಿಯುತ್ತ ಹೋಗುವ ಲೋಕದ ಸಂಕಟವನ್ನೂ ಒಂದೇ ತಕ್ಕಡಿಗೆ ಹಾಕಿ, ಎರಡನ್ನೂ ‘ವಿಷವರ್ತುಲ’ವೆಂದು ಕರೆದು ಮುಗಿಸುವುದು ಈಚಿನ ಬರಹಗಳಲ್ಲಿ ರೂಢಿಯಾಗಿದೆ. ಮೊದಲನೆಯದು ತಿಳಿವಿನ ದೋಷ. ಎರಡನೆಯದು ಘಟನೆಗಳ ನಡೆ. ಈ ಭೇದವನ್ನು ಭಾರತೀಯ ತರ್ಕಪರಂಪರೆ ಶತಮಾನಗಳ ವಾದಪ್ರತಿವಾದದಲ್ಲಿ ಹದಗೊಳಿಸಿತ್ತೆಂಬುದು, ಆ ಪರಂಪರೆಯನ್ನು ಬರಿಯ ಶಬ್ದಜಾಲವೆಂದು ಬಗೆಯುವವರಿಗೂ ಅದನ್ನು ಕಣ್ಣುಮುಚ್ಚಿ ಕೊಂಡಾಡುವವರಿಗೂ ಸಮಾನವಾಗಿ ಅಪರಿಚಿತ.

ಚರ್ಚೆಯ ಹಳೆಯ ನೆಲೆಗಳಲ್ಲಿ ವ್ಯಾಕರಣವೂ ಒಂದು. ಪಾಣಿನಿಯ ಮೊದಲ ಸೂತ್ರ ಆ, ಐ, ಔ ಸ್ವರಗಳಿಗೆ ‘ವೃದ್ಧಿ’ ಎಂಬ ಹೆಸರಿಡುತ್ತದೆ. ಸ್ವರಗಳಿದ್ದರೆ ಮಾತ್ರ ಹೆಸರು, ಆದರೆ ಹೆಸರಿನಿಂದ ವಿಧಿಸಿದರೆ ಮಾತ್ರ ಆ ಸ್ವರಗಳು ಎಂದಾಗಿ, ಎರಡು ಒಂದನ್ನೊಂದು ಆಶ್ರಯಿಸುವ ‘ಇತರೇತರಾಶ್ರಯ’ ಅಥವಾ ‘ಅನ್ಯೋನ್ಯಾಶ್ರಯ’ ದೋಷ ಒದಗುತ್ತದೆಂದು ಕ್ರಿ.ಪೂ. 2ನೆಯ ಶತಮಾನದ ಪತಂಜಲಿ ಆಕ್ಷೇಪವೆತ್ತುತ್ತಾನೆ. ಪರಸ್ಪರ ಕಟ್ಟಿದ ದೋಣಿಗಳು ಒಂದನ್ನೊಂದು ಕಾಪಾಡಲಾರವು ಎಂಬ ಅವನ ದೃಷ್ಟಾಂತ ಪ್ರಸಿದ್ಧ. ಅದರ ಮುಂದಿನ ಮಾತು ಅಷ್ಟು ಪ್ರಸಿದ್ಧವಲ್ಲ. ದೋಣಿ ಗಾಡಿಯನ್ನೂ ಗಾಡಿ ದೋಣಿಯನ್ನೂ ಹೊರುವುದುಂಟಲ್ಲವೇ ಎಂದು ಕೇಳಿದವನಿಗೆ, ಅಲ್ಲಿ ನೀರೋ ನೆಲವೋ ಬೇರೊಂದು ಆಧಾರವಾಗಿ ಇದ್ದೇ ಇರುತ್ತದೆ ಎಂಬ ಉತ್ತರ ಸಿಗುತ್ತದೆ.

ಪ್ರಮಾಣದಿಂದ ಪ್ರಮೇಯ, ಪ್ರಮೇಯದಿಂದ ಪ್ರಮಾಣ ಸಿದ್ಧವಾಗುವುದಾದರೆ ಎರಡೂ ಸಿದ್ಧವಾಗವು ಎಂದು ನಾಗಾರ್ಜುನ ‘ವಿಗ್ರಹವ್ಯಾವರ್ತನೀ’ಯಲ್ಲಿ ಹೂಡಿದ ವಾದವನ್ನೂ, ತೂಗುವ ತಕ್ಕಡಿಯನ್ನೂ ಬೇರೆ ಸಂದರ್ಭದಲ್ಲಿ ಪರೀಕ್ಷಿಸಬಹುದೆಂಬ ನ್ಯಾಯಸೂತ್ರದ ನಿಲುವನ್ನೂ ಇಲ್ಲಿ ಹೆಸರಿಸಿದರೆ ಸಾಕು. ತನ್ನನ್ನೇ ಆಶ್ರಯಿಸುವ ಆತ್ಮಾಶ್ರಯ, ಎರಡರ ಅನ್ಯೋನ್ಯಾಶ್ರಯ, ಮೂರು ಅಥವಾ ಹೆಚ್ಚು ಕೊಂಡಿಗಳ ಚಕ್ರಕ, ಕೊನೆಯಿಲ್ಲದ ಅನವಸ್ಥೆ ಇವುಗಳನ್ನು ಉದಯನನು ತರ್ಕದ ಪ್ರಭೇದಗಳಾಗಿ ವಿಂಗಡಿಸಿದನು. ಬುಡಕ್ಕೆ ಪೆಟ್ಟು ಕೊಡುವ ಅನವಸ್ಥೆಯೇ ದೋಷ, ಪ್ರಮಾಣಸಿದ್ಧವಾದುದು ದೋಷವಲ್ಲ ಎಂಬ ವಿವೇಕವೂ ಕ್ರಮೇಣ ನೆಲೆಗೊಂಡಿತು.

ಈ ವಿವೇಕವನ್ನು ಬಳಸುವುದು ಎಷ್ಟು ಕಷ್ಟವೆಂಬುದಕ್ಕೆ ಶಂಕರರ ಬ್ರಹ್ಮಸೂತ್ರಭಾಷ್ಯವೇ ಸಾಕ್ಷಿ. ಕರ್ಮವಿಲ್ಲದೆ ಶರೀರವಿಲ್ಲ, ಶರೀರವಿಲ್ಲದೆ ಕರ್ಮವಿಲ್ಲ ಎಂಬ ಆಕ್ಷೇಪಕ್ಕೆ ಎರಡನೆಯ ಅಧ್ಯಾಯದ ಮೊದಲ ಪಾದ ಬೀಜ ಮತ್ತು ಮೊಳಕೆಯಂತೆ ಸಂಸಾರವೂ ಅನಾದಿ ಎಂದು ಸಮಾಧಾನ ಹೇಳುತ್ತದೆ. ಮರುಪಾದದಲ್ಲಿ ಎದುರಾಳಿ ಕರ್ಮ ಮತ್ತು ಈಶ್ವರರ ವಿಷಯದಲ್ಲಿ ಅದೇ ಅನಾದಿತ್ವವನ್ನು ಮುಂದಿಟ್ಟಾಗ, ಅದು ಕುರುಡರ ಸಾಲು, ‘ಅಂಧಪರಂಪರೆ’, ಎಂಬ ತಿರಸ್ಕಾರ ಸಿಗುತ್ತದೆ. ಎರಡಕ್ಕೂ ನಡುವಿನ ಅಂತರವನ್ನು ವ್ಯಾಖ್ಯಾನಕಾರರು ತೋರಿಸಬಹುದು. ಓದುಗನಿಗೆ ಅದು ಸುಲಭವಾಗಿ ಕಾಣುವುದಿಲ್ಲ.

ಚರ್ಚೆ ಪಕ್ವವಾದದ್ದು ವಿಜಯನಗರದ ದ್ವೈತಾಚಾರ್ಯ ವ್ಯಾಸತೀರ್ಥರಲ್ಲಿ (1460–1539). ಅವಿದ್ಯೆಗೆ ಆಶ್ರಯ ಜೀವನೆಂದು ಅದ್ವೈತದಲ್ಲಿ ವಾಚಸ್ಪತಿ ಮಿಶ್ರರ ಭಾಮತೀ ಪಕ್ಷ ಹೇಳುತ್ತದೆ. ಆದರೆ ಜೀವಭಾವವೇ ಅವಿದ್ಯೆಯ ಫಲವಾದ್ದರಿಂದ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕುಳಿತಂತಾಗುತ್ತದೆ ಎಂಬುದು ಅವರ ‘ನ್ಯಾಯಾಮೃತ’ದ ಆಕ್ಷೇಪ. ಬೀಜಾಂಕುರದ ಉತ್ತರ ಇಲ್ಲಿ ಒಪ್ಪುವುದು ಕಷ್ಟ, ಏಕೆಂದರೆ ಮೊಳಕೆಗೆ ಕಾರಣವಾದ ಬೀಜ ಬೇರೆ, ಆ ಗಿಡ ಕೊಡುವ ಬೀಜ ಬೇರೆ. ಅವಿದ್ಯೆ ಮತ್ತು ಜೀವರಲ್ಲಿ ಅಂಥ ಸರಣಿಯಿಲ್ಲ, ಎದುರುಬದುರು ನಿಂತ ಅದೇ ಎರಡು ಇವೆ. ‘ಅದ್ವೈತಸಿದ್ಧಿ’ಯ ಮಧುಸೂದನ ಸರಸ್ವತಿಗಳು ಉತ್ತರಿಸುವಾಗ ಕೇಳುವ ಪ್ರಶ್ನೆ, ಪಕ್ಷವಾವುದೇ ಇರಲಿ, ಇಡೀ ಚರ್ಚೆಯ ಅತ್ಯುತ್ತಮ ಪ್ರಶ್ನೆ: ಈ ಅನ್ಯೋನ್ಯಾಶ್ರಯ ಉತ್ಪತ್ತಿಯಲ್ಲೋ, ಜ್ಞಪ್ತಿಯಲ್ಲೋ, ಸ್ಥಿತಿಯಲ್ಲೋ, ಅಂದರೆ ಹುಟ್ಟಿನಲ್ಲೋ, ತಿಳಿವಿನಲ್ಲೋ, ಇರವಿನಲ್ಲೋ? ಎರಡೂ ಅನಾದಿಯಾದ್ದರಿಂದ ಹುಟ್ಟಿನ ದೋಷವಿಲ್ಲ. ಚೈತನ್ಯದಿಂದ ಅವಿದ್ಯೆ ತೋರಿದರೂ ಅವಿದ್ಯೆಯಿಂದ ಚೈತನ್ಯ ತೋರುವುದಿಲ್ಲವಾದ್ದರಿಂದ ತಿಳಿವಿನ ದೋಷವೂ ಇಲ್ಲ. ಮೂರನೆಯದನ್ನೂ ಅವರು ನಿರಾಕರಿಸುತ್ತಾರೆ, ಆದರೆ ಅವರ ಉತ್ತರ ಸಡಿಲವಾಗುವುದು ಅಲ್ಲಿಯೇ. ರಾಮಾಚಾರ್ಯರ ‘ತರಂಗಿಣಿ’, ಬ್ರಹ್ಮಾನಂದರ ‘ಲಘುಚಂದ್ರಿಕೆ’ ಈ ವಾದವನ್ನು ಮುಂದುವರಿಸಿದವು. ಒಂದು ಜ್ಞಾನದ ಯಥಾರ್ಥತೆಯನ್ನು ಇನ್ನೊಂದು ಜ್ಞಾನ ತಿಳಿಸಬೇಕಾದರೆ ಒದಗುವ ಅನವಸ್ಥೆಯನ್ನು ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಸಾಕ್ಷಿಯಲ್ಲಿ, ಅಂದರೆ ತನ್ನನ್ನು ತಾನೇ ತಿಳಿಯುವ ಆತ್ಮಚೈತನ್ಯದಲ್ಲಿ, ನಿಲ್ಲಿಸುತ್ತಾರೆ.

ಆಧುನಿಕ ಅಧ್ಯಯನ ಈ ಭಾಗಕ್ಕೆ ಸಾಕಷ್ಟು ನ್ಯಾಯ ಒದಗಿಸಿಲ್ಲ. ಮೈಸೂರಿನಲ್ಲೇ ಪಾಠ ಹೇಳಿದ ಹಿರಿಯಣ್ಣನವರ 1932ರ ದರ್ಶನಗ್ರಂಥದಲ್ಲಿ ದ್ವೈತಕ್ಕೆ ಅಧ್ಯಾಯವಿಲ್ಲ. ಇದಕ್ಕೆ ಹೊರತಾಗಿ, ದಾಸಗುಪ್ತರ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸದ 1949ರ ನಾಲ್ಕನೆಯ ಸಂಪುಟ ಈ ವಾದವನ್ನು ವಿವರವಾಗಿ ತೆಗೆದುಕೊಂಡಿತು. ಬಿಮಲಕೃಷ್ಣ ಮತಿಲಾಲರ 1986ರ ಕೃತಿ ನಾಗಾರ್ಜುನನ ಆಕ್ಷೇಪವನ್ನು ಜಗತ್ತಿನ ತತ್ತ್ವಶಾಸ್ತ್ರದ ಮುಂದಿಟ್ಟಿತು, ಆದರೆ ಅದರ ಗಮನ ನ್ಯಾಯ ಮತ್ತು ಬೌದ್ಧರ ಕಡೆಗೇ.

ಇನ್ನು ಮೊದಲಲ್ಲಿ ಹೇಳಿದ ಲೋಕದ ಸಂಕಟದ ಸುತ್ತು. ಅರ್ಥಶಾಸ್ತ್ರದ ಕಡೆಯಿಂದ ರಾಗ್ನರ್ ನರ್ಕ್ಸೆ 1953ರಲ್ಲಿ ಕಡಿಮೆ ಆದಾಯ, ಕಡಿಮೆ ಉಳಿತಾಯ, ಕಡಿಮೆ ಬಂಡವಾಳ, ಮತ್ತೆ ಕಡಿಮೆ ಆದಾಯ ಎಂಬ ಬಡತನದ ಸುತ್ತನ್ನು ನಿರೂಪಿಸಿದರು. ಹಾಗಿದ್ದರೆ ಯಾವ ದೇಶವೂ ಸಿರಿವಂತವಾಗುತ್ತಿರಲಿಲ್ಲ ಎಂದು ಪೀಟರ್ ಬಾವರ್ ಆಕ್ಷೇಪಿಸಿದರು. ನರ್ಕ್ಸೆಯವರ ಸುತ್ತು ಉತ್ಪತ್ತಿಯದು, ಜ್ಞಪ್ತಿಯದಲ್ಲ. ಅದನ್ನು ತಪ್ಪು ತರ್ಕವೆನ್ನುವಂತಿಲ್ಲ, ಅದರ ಹೊರಗೆ ಪತಂಜಲಿ ಹೇಳಿದ ನೀರು, ನೆಲ ಏನೆಂದು ಮಾತ್ರ ಕೇಳಬಹುದು, ಮತ್ತು ಬಾವರ್ ಅವರ ಆಕ್ಷೇಪದ ಸಾರವೂ ಅಷ್ಟೇ. ಇಂಥ ವಿವೇಕ ಬಳಕೆಗೆ ಬರಬೇಕಾದರೆ, ನ್ಯಾಯಾಮೃತ ಮತ್ತು ಅದ್ವೈತಸಿದ್ಧಿಗಳ ಅವಿದ್ಯಾಶ್ರಯ ಪ್ರಕರಣವನ್ನು, ಸಂಸ್ಕೃತ ತಿಳಿಯದ ವಿದ್ಯಾರ್ಥಿಯೂ ಓದುವಂತೆ ತಿಳಿಗನ್ನಡದಲ್ಲಿ ವಿವರಿಸಿ, ತರ್ಕಶಾಸ್ತ್ರದ ತರಗತಿಗಳಿಗೆ ತರುವ ಕೆಲಸವನ್ನು ಈ ನಾಡಿನ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.