ಬಾರ್ಕಸ್‌ನಲ್ಲಿ ಸೆಪ್ಟೆಂಬರ್ 17

"ಬಾರ್ಕಸ್‌ಗೆ ಹೋಗಿ ಮಂದಿ ತಿನ್ನೋಣ" ಅಂತ ಹೈದರಾಬಾದಿನ ಸಹೋದ್ಯೋಗಿ ಕರೆದಾಗ ನಕ್ಕುಬಿಟ್ಟಿದ್ದೆ. ಕಲಬುರಗಿ ಕಡೆಯವನು ನಾನು. ನಮ್ಮಲ್ಲಿ ಮಂದಿ ಅಂದ್ರೆ ಜನ! ಅಲ್ಲಿ ಅದು ಯೆಮೆನ್‌ನಿಂದ ಬಂದ, ಅನ್ನ-ಮಾಂಸದ ಅಡುಗೆ.

ಚಾರ್ಮಿನಾರ್‌ನ ದಕ್ಷಿಣಕ್ಕೆ, ಚಂದ್ರಾಯಣಗುಟ್ಟದ ಹತ್ತಿರ ಇದೆ ಬಾರ್ಕಸ್. ಲುಂಗಿ ಉಟ್ಟ ಹಿರಿಯರು, ಹರೀಸ್ ಮಾರುವ ಅಂಗಡಿಗಳು. ಹೈದರಾಬಾದಿ ಹಲೀಮ್‌ನ ಮೂಲ ಈ ಹರೀಸೇ. ಹೆಸರು ಮಾತ್ರ ಅರಬ್ಬಿ ಅಲ್ಲ, ಇಂಗ್ಲಿಷಿನ 'ಬ್ಯಾರಕ್ಸ್' ಜನರ ಬಾಯಲ್ಲಿ ಬಾರ್ಕಸ್ ಆಯ್ತು. ನಿಜಾಮನ ಸೈನ್ಯಕ್ಕೆ ಯೆಮೆನ್‌ನ ಹದ್ರಮೌತ್‌ನಿಂದ ಬಂದ ಅರಬರು ಇಲ್ಲಿ ಇದ್ದರು. ಊರಿನವರು ಅವರನ್ನು ಚಾವುಷ್ ಅಂತ ಕರೆದರು.

ಬರೀ ಸಂಬಳಕ್ಕೆ ದುಡಿದವರಲ್ಲ ಇವರು. ಅರಬ್ ಜಮಾದಾರರು ಬಡ್ಡಿ ವ್ಯವಹಾರ ಮಾಡಿ, ಸಾಲಕ್ಕೆ ಅಡವಾಗಿ ತಾಲೂಕುಗಳ ಕಂದಾಯವನ್ನೇ ಹಿಡಿದಿಟ್ಟುಕೊಂಡಿದ್ದರು. 1853ರಲ್ಲಿ ದಿವಾನನಾದ ಸಾಲಾರ್ ಜಂಗ್ ಅವರ ಕೈಯಿಂದ ಅದನ್ನು ಬಿಡಿಸಲು ಹೆಣಗಬೇಕಾಯ್ತು. ಉಮರ್ ಬಿನ್ ಅವದ್ ಅಲ್-ಕುಐತಿ ಅನ್ನೋ ಜಮಾದಾರ ಹೈದರಾಬಾದಿನಲ್ಲಿ ಗಳಿಸಿದ ಹಣವನ್ನು ಊರಿಗೆ ಕಳಿಸಿದ. ಆ ಹಣದ ಬಲದ ಮೇಲೆ ಅವನ ಮಕ್ಕಳು ಹದ್ರಮೌತ್‌ನಲ್ಲಿ ಒಂದು ಸುಲ್ತಾನ ರಾಜ್ಯವನ್ನೇ ಕಟ್ಟಿದರು. 1967ರವರೆಗೂ ಅದು ಬಾಳಿತು. ನಾವು ಸಂಬಳ ಉಳಿಸಿ ಊರಲ್ಲಿ ಮನೆ ಕಟ್ಟಿಸ್ತೀವಿ, ಅವರು ರಾಜ್ಯ ಕಟ್ಟಿದರು.

"ಅರಬ ಬಂದಾನ ಅಂದ್ರ ಸಾಲ ತಗೊಂಡವ್ರು ಹಿತ್ತಲ ಬಾಗಲಾಗಿಂದ ಓಡತಿದ್ರಂತ" ಅಂತ ನಮ್ಮಜ್ಜ ಹೇಳುತ್ತಿದ್ದ. ಅವನಿಗೆ ಅವನಪ್ಪ ಹೇಳಿದ್ದು. ಹಾಗಾಗಿ ಸೆಪ್ಟೆಂಬರ್ 17 ನಮ್ಮೂರಲ್ಲಿ ಹಬ್ಬ. 1948ರಲ್ಲಿ ಅಂದು ನಿಜಾಮ ಶರಣಾದ, ನಾವು ಬಿಡುಗಡೆಯಾದೆವು. ಶಾಲೆಯಲ್ಲಿ ಬಾವುಟ ಹಾರಿಸಿ, ಪೆಪ್ಪರಮೆಂಟು ತಿಂದು ಬೆಳೆದವನು ನಾನು.

ಬಾರ್ಕಸ್‌ಗೆ ಆ ದಿನ ಬೇರೆ. ಸೈನ್ಯ ವಿಸರ್ಜನೆಯಾಯ್ತು, ಸಂಬಳ ನಿಂತಿತು. ಅನೇಕ ಅರಬರನ್ನು ಕೂಡಿಹಾಕಿದರು, ಹಲವರನ್ನು ಅರೇಬಿಯಾಕ್ಕೆ ವಾಪಸ್ ಕಳಿಸಿದರು. ಆದರೆ ಎಷ್ಟೋ ಜನರ ತಾಯಿ ಹೈದರಾಬಾದಿನವಳು, ಹುಟ್ಟಿದ್ದೂ ಇಲ್ಲೇ. ಅಂಥವರಿಗೆ ಯಾವುದು ವಾಪಸ್?

ಉಳಿದವರು ಸಣ್ಣಪುಟ್ಟ ಕೆಲಸ ಹಿಡಿದರು. 1970ರ ದಶಕದಲ್ಲಿ ಕೊಲ್ಲಿ ದೇಶಗಳ ಬಾಗಿಲು ತೆರೆದಾಗ ಅರಬರ ಮೊಮ್ಮಕ್ಕಳು ಅರಬರ ನಾಡಿಗೇ ದುಡಿಯಲು ಹೋದರು, ಭಾರತದ ಪಾಸ್‌ಪೋರ್ಟ್ ಹಿಡಿದು.

ಮೊದಮೊದಲು ಇದನ್ನೆಲ್ಲ ಒಪ್ಪೋದು ನನಗೆ ಕಷ್ಟವಾಯ್ತು. ಬಡ್ಡಿಗೆ ಪೀಡಿಸಿದವರ ಪರ ಮಾತಾಡಿದ ಹಾಗಾಗುತ್ತೆ ಅನ್ನಿಸ್ತು. ಆದ್ರೆ ಸಾಲ ವಸೂಲಿಗೆ ಬಂದ ಅರಬನೂ, ತಾಯಿಯ ಊರಲ್ಲೇ ಪರದೇಶಿಯಾದ ಹುಡುಗನೂ ಒಬ್ಬನೇ ಅಲ್ಲವಲ್ಲ.

ಈಗಲೂ ಸೆಪ್ಟೆಂಬರ್ 17ಕ್ಕೆ ನಾನು ಬಾವುಟಕ್ಕೆ ಸೆಲ್ಯೂಟ್ ಹೊಡೀತೀನಿ, ಖುಷಿಯಿಂದಲೇ. ಜೊತೆಗೆ ಬಾರ್ಕಸ್ ಕೂಡ ನೆನಪಾಗುತ್ತೆ. ಮುಂದಿನ ಸಲ ನೀವು ಅಲ್ಲಿ ಮಂದಿ ತಿನ್ನೋಕೆ ಹೋದ್ರೆ, ಪಕ್ಕದಲ್ಲಿ ಕೂತ ಹಿರಿಯರನ್ನು "ಯಾವ ದೇಶದೋರು?" ಅಂತ ಕೇಳಬೇಡಿ. ಅವರದೂ ಹೈದರಾಬಾದೇ.